ಕೊಳಗದ ತಳ

ಹಳೆಯ ವಸ್ತುವಿಗೂ ನೀತಿಗೂ ಸಂಬಂಧ ಇದೆಯೇ? ಅನ್ಯಾಯಕ್ಕೆ ಉಪಕರಣವಾಗಿದ್ದ ಒಂದು ವಸ್ತು, ಐವತ್ತೋ ನೂರೋ ವರ್ಷ ಕಳೆದ ಮೇಲೆ ಬರೀ ಚೆಂದದ ವಸ್ತುವಾಗಿಬಿಡುತ್ತದೆಯೇ? ಅದನ್ನು ಕೊಂಡು ಮನೆಯಲ್ಲಿಟ್ಟುಕೊಂಡರೆ ತಪ್ಪೇ? ಇಂಥ ಪ್ರಶ್ನೆಗಳನ್ನು ಕಾಲೇಜಿನಲ್ಲಿ ಯಾರೂ ನಮಗೆ ಕೇಳಲಿಲ್ಲ. ಬೆಂಗಳೂರಿನ ಭಾನುವಾರದ ಬಜಾರಿನಲ್ಲಿ ಒಂದು ಕೊಳಗ ಕೇಳಿತು. ಮೊದಲು ಅದರ ಕತೆ ಹೇಳುತ್ತೇವೆ. ಆಮೇಲೆ ನಮಗೆ ಹೊಳೆದಷ್ಟು ಉತ್ತರ ಹೇಳುತ್ತೇವೆ. ತಪ್ಪಿದ್ದರೆ ಗೆಳೆಯರು ತಿದ್ದಬೇಕು.

ನಮ್ಮದು ಗೆಜ್ಜಲಗೆರೆ. ಮದ್ದೂರಿಗೂ ಮಂಡ್ಯಕ್ಕೂ ನಡುವೆ, ಬೆಂಗಳೂರು-ಮೈಸೂರು ರಸ್ತೆ ಮಗ್ಗುಲಿನ ಊರು. ಹಾಲಿನ ಡೇರಿ ಇರೋ ಊರು ಅಂದರೆ ಜಿಲ್ಲೆಯವರಿಗೆಲ್ಲ ಗೊತ್ತಾಗುತ್ತದೆ. 2023ರ ಮಾರ್ಚ್ 12ರಂದು ಪ್ರಧಾನಿ ಬಂದು 118 ಕಿಲೋಮೀಟರಿನ ಎಕ್ಸ್‌ಪ್ರೆಸ್ ಹೆದ್ದಾರಿಯನ್ನು ಉದ್ಘಾಟಿಸಿದ್ದು ಇದೇ ಗೆಜ್ಜಲಗೆರೆಯಲ್ಲಿ. ಅಲ್ಲಿಂದೀಚೆಗೆ ಮದ್ದೂರು ವಡೆಯ ವಾಸನೆಯೂ ತಾಗದ ಹಾಗೆ ಕಾರುಗಳು ಬೈಪಾಸಿನಲ್ಲಿ ಹಾರಿಹೋಗುತ್ತವೆ. ಆ ರಸ್ತೆಯಲ್ಲಿ ಬೆಂಗಳೂರಿನ ಕಡೆಗೆ ಹೋಗುವ ಲಾರಿಗಳಲ್ಲಿ ಕಬ್ಬು, ಬೆಲ್ಲ, ಎಳನೀರು ಇರುತ್ತದೆ. ಈಚೀಚೆಗೆ ಇನ್ನೊಂದು ಸರಕೂ ಕಾಣುತ್ತಿದೆ: ಹಳೇ ಮನೆಗಳು.

ನಮ್ಮ ಸುತ್ತಿನ ಊರುಗಳಲ್ಲಿ ತೊಟ್ಟಿಮನೆಗಳು ಬೀಳುತ್ತಿವೆ. ಅಣ್ಣತಮ್ಮಂದಿರು ಪಾಲಾದರು, ಮಕ್ಕಳು ಪಟ್ಟಣ ಸೇರಿದರು, ಹೆಂಚು ಸೋರಿತು. ಇನ್ನೇನು, ಕೆಡವಿ ಆರ್‌ಸಿಸಿ ಹಾಕಿಸುತ್ತಾರೆ. ಕೆಡವುವ ಮುಂಚೆಯೇ ವ್ಯಾಪಾರಿ ಬಂದು ಕಂಬಕ್ಕಿಷ್ಟು, ಬಾಗಿಲಿಗಿಷ್ಟು, ಅಟ್ಟದ ಮೇಲಿರುವುದಕ್ಕೆಲ್ಲ ಒಟ್ಟಾರೆ ಇಷ್ಟು ಅಂತ ಮಾತಾಡಿಕೊಂಡು ಹೋಗಿರುತ್ತಾನೆ. ಕೆಡವುವ ಕೂಲಿ ಮಾತ್ರ ನಮ್ಮ ಕೇರಿಯವರದು. ಜಗುಲಿಯ ಮೇಲೆ ಕೂರಲು ಬಿಡದಿದ್ದ ಮನೆಯ ನೆತ್ತಿಯ ಮೇಲೆ ನಿಂತು ನಮ್ಮ ಅಪ್ಪಂದಿರು ಹೆಂಚು ಇಳಿಸುತ್ತಾರೆ. ಸಾಯಂಕಾಲ ಕೂಲಿ ಈಸಿಕೊಂಡು ಬಂದು, ಸುಮ್ಮನೆ ಕೈಕಾಲು ತೊಳೆದುಕೊಳ್ಳುತ್ತಾರೆ.

ನಾವು ಮೂರು ಜನ ಗೆಳೆಯರು. ಒಬ್ಬ ಹೈಸ್ಕೂಲು ಮೇಷ್ಟ್ರು. ಒಬ್ಬ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಇನ್ನೊಬ್ಬ ಪರೀಕ್ಷೆಗಳನ್ನು ಕಟ್ಟುತ್ತಾ, ನಡುನಡುವೆ ಪದ್ಯ ಬರೆಯುತ್ತಾ ಇರುವವನು. ಅವೆನ್ಯೂ ರಸ್ತೆಯಲ್ಲಿ ಅರ್ಧ ಬೆಲೆಗೆ ಹಳೇ ಪುಸ್ತಕ ಸಿಗುತ್ತವೆ ಎಂದು ಒಂದು ಭಾನುವಾರ ಮದ್ದೂರಿನಲ್ಲಿ ರೈಲು ಹತ್ತಿದೆವು. ಪುಸ್ತಕ ಕೊಂಡ ಮೇಲೆ ಜನ ಹೋಗುತ್ತಿದ್ದ ದಿಕ್ಕಿಗೆ ನಾವೂ ನಡೆದೆವು. ಬಿವಿಕೆ ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ, ಭಾನುವಾರ ಅಂಗಡಿಗಳು ಬಾಗಿಲು ಹಾಕಿದಾಗ, ಅವುಗಳ ಮುಂದೆಯೇ ಇನ್ನೊಂದು ಪೇಟೆ ಹುಟ್ಟುತ್ತದೆ. ಅದೇ ಸಂಡೇ ಬಜಾರು. ಕೆಂಪೇಗೌಡ ಕಟ್ಟಿಸಿದ ಹಳೇ ಪೇಟೆಯ ಇಕ್ಕಟ್ಟು ಬೀದಿಗಳು, ಮೇಲೆ ಬಣ್ಣ ಹೋದ ಮರದ ಮಹಡಿಗಳು, ಕೆಳಗೆ ನೆಲದ ಮೇಲೆ ಗೋಣಿ ಹಾಸಿಕೊಂಡು ಕೂತ ನೂರಾರು ವ್ಯಾಪಾರಿಗಳು.

ಅಲ್ಲಿ ಏನಿಲ್ಲ? ಒಂದೇ ಕಾಲಿನ ಶೂಗಳು, ಸುಟ್ಟ ಮೋಟಾರುಗಳು, ಪಕ್ಕದಲ್ಲೇ ಗ್ರಾಮಾಫೋನಿನ ಹಿತ್ತಾಳೆ ಕಹಳೆ. ನಿಂತುಹೋದ ಗೋಡೆ ಗಡಿಯಾರ, ಬಿಲ್ಲೆಗಳು, ಗಂಡಭೇರುಂಡದ ಮುದ್ರೆಯಿರುವ ಛಾಪಾ ಕಾಗದ, ಎಲೆ ಅಡಿಕೆ ತಟ್ಟೆ, ಅಡಕತ್ತರಿ, ಯಾರದೋ ಮನೆಯ ಹಿರಿಯರ ಫೋಟೋ. ತಮ್ಮ ತಾತನ ಫೋಟೋವನ್ನೂ ಮಾರಿಕೊಂಡವರು ಇದ್ದಾರಲ್ಲ ಅಂತ ನಮಗೆ ಆಶ್ಚರ್ಯ. ನಮ್ಮ ತಾತಂದಿರ ಫೋಟೋ ನಮ್ಮ ಹತ್ತಿರ ಇಲ್ಲ. ತೆಗೆದವರೇ ಇಲ್ಲ.

ಕೊಳಗ ಕಂಡಿದ್ದು ಅಲ್ಲೇ. ಕಬ್ಬಿಣದ ಕೊಳಗ, ಮೇಲೂ ಕೆಳಗೂ ಹಿತ್ತಾಳೆ ಪಟ್ಟಿ. ಹುಣಸೆಹಣ್ಣು ಹಾಕಿ ಉಜ್ಜಿದ್ದರೇನೋ, ಪಟ್ಟಿ ಬಿಸಿಲಿಗೆ ಹೊಳೆಯುತ್ತಿತ್ತು. ಕಿಲೋ ಲೀಟರುಗಳನ್ನು ತಂದ 1956ರ ಕಾಯ್ದೆ ಬರುವ ಮುಂಚೆ, ಆಮೇಲೂ ಎಷ್ಟೋ ವರ್ಷ, ನಮ್ಮ ಸೀಮೆಯ ಹಸಿವು ಹೊಟ್ಟೆತುಂಬು ಎರಡನ್ನೂ ಅಳೆದದ್ದು ಇದೇ. ಪಾವು, ಸೇರು, ಬಳ್ಳ, ಕೊಳಗ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕಣದಲ್ಲಿ ರಾಶಿ ಅಳೆಯುವಾಗ ‘ಒಂದು’ ಅನ್ನುತ್ತಿರಲಿಲ್ಲವಂತೆ, ‘ಲಾಭ’ ಅನ್ನುತ್ತಿದ್ದರಂತೆ. ಲಾಭ, ಎರಡು, ಮೂರು. ಆ ಲಾಭ ಯಾರದು ಅಂತ ಕೇಳುವ ಬಾಯಿ ಆಗ ಇರಲಿಲ್ಲ.

“ತಗೊಳ್ಳಿ ಸಾರ್, ಒರಿಜಿನಲ್ಲು” ಅಂದರು ವ್ಯಾಪಾರಿ. ವಯಸ್ಸಾದ ಸಾಹೇಬರು. ಕೊಳಗ ಎತ್ತಿ, ಪಟ್ಟಿಯ ಮೇಲಿದ್ದ ಸರ್ಕಾರಿ ಮುದ್ರೆ ತೋರಿಸಿದರು. “ಕೊಡೆ ಇಡೋಕೆ ತಗೊಂಡೋಗ್ತಾರೆ. ಹೂಗಿಡ ಇಡ್ತಾರೆ. ಹೋಟ್ಲೋರು ಬಾಗಿಲಲ್ಲಿ ಇಡ್ತಾರೆ. ಮೂರೂವರೆ ಸಾವಿರ.”

ನಾವು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆವು. ಎತ್ತಿದಾಗ ಒಂದು ಮಾತು ಹೊಳೆದು ಮೈ ಜುಮ್ಮೆಂದಿತು. ನಮ್ಮ ವಂಶದಲ್ಲಿ ಕೊಳಗವನ್ನು ಕೈಯಲ್ಲಿ ಹಿಡಿದ ಮೊದಲಿಗರು ನಾವೇ. ನಮ್ಮ ಹಿರಿಯರು ಅದರ ಬಾಯಿಯನ್ನು ಕೆಳಗಿನಿಂದ ಮಾತ್ರ ಕಂಡವರು. ಸೆರಗೊಡ್ಡಿ ನಿಂತವರಿಗೆ ಮೇಲಿಂದ ಸುರಿಯುತ್ತಿದ್ದರು. ತಾಗಬಾರದಲ್ಲ. ಸೆರಗಿನಾಚೆ ಚೆಲ್ಲಿದ್ದನ್ನು ಮಣ್ಣಿನಿಂದ ಆಯ್ದುಕೊಳ್ಳಬೇಕಿತ್ತು.

ಸುಳ್ಳು ಹೇಳಬಾರದು. ಅದು ಚೆಂದವಾಗಿತ್ತು. ಆಸೆಯಾಯಿತು. ಮೂವರ ಒಳಗೂ ಜಗಳ ಅಲ್ಲೇ ಶುರುವಾಯಿತು.

ಗುಮಾಸ್ತ ಗೆಳೆಯ ಅಂದ: “ತಗಳನ ಕಣ್ರಲಾ. ಹೊಸ ಮನೆ ಕಟ್ತಾ ಇವ್ನಿ, ಹಾಲ್‌ನಲ್ಲಿ ಇಡ್ತೀನಿ. ಯಾರ ಕೊಳಗ ಯಾರ ಮನೆಗೆ ಬಂತು ಅಂತ ನೋಡ್ಲಿ ಜನ.” ಮೇಷ್ಟ್ರು ಅಂದ: “ತಗಂಡ್ರೆ ಒಡ್ದಾಕಕೆ ತಗಬೇಕು. ಊರಿಗೆ ಹೊತ್ಕೊಂಡೋಗಿ ಚಾವಡಿ ಮುಂದೆ ಸುತ್ತಿಗೇಲಿ ಬಡೀಬೇಕು.” ಪದ್ಯ ಬರೆಯುವವನಿಗೆ ಎರಡೂ ಸರಿ ಅನ್ನಿಸಿತು, ಎರಡೂ ಸಾಲದು ಅನ್ನಿಸಿತು. ಮೂವರ ಜೇಬೂ ಸೇರಿ ಮೂರೂವರೆ ಸಾವಿರ ಇರಲಿಲ್ಲ ಅನ್ನುವುದೂ ನಿಜ. ಕೊಳಗ ಕೆಳಗಿಟ್ಟು ರೈಲಿಗೆ ಬಂದೆವು. ಆದರೆ ಜಗಳ ರೈಲು ಇಳಿದ ಮೇಲೂ ಮುಗಿಯಲಿಲ್ಲ.

ಈಗ ವಿಚಾರಕ್ಕೆ ಬರೋಣ.

ಹಳೆಯದನ್ನು ಕುರಿತು ನಮ್ಮ ದೇಶದಲ್ಲಿ ಒಂದು ಕಾಯ್ದೆ ಇದೆ. ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ, 1972. ಜಾರಿಗೆ ಬಂದದ್ದು 1976ರ ಏಪ್ರಿಲ್ 5ರಂದು. ನೂರು ವರ್ಷ ದಾಟಿದ್ದು ಪುರಾತನ ವಸ್ತು. ಬೆಲೆಯುಳ್ಳ ಹಸ್ತಪ್ರತಿಯಾದರೆ ಎಪ್ಪತ್ತೈದು ವರ್ಷ ಸಾಕು. ಅಂಥದ್ದನ್ನು ಲೈಸೆನ್ಸ್ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ಆ ಕಾಯ್ದೆ ಪುರಾತನ ವಸ್ತು ಎಂದರೇನು ಎಂದು ಹೇಳುವ ಕಡೆ ವಿಗ್ರಹ, ನಾಣ್ಯ, ಶಾಸನಗಳ ಜೊತೆಗೆ, ಕಳೆದುಹೋದ ಕಾಲದ ಕಲೆ, ಧರ್ಮ, ಆಚಾರ, ರಾಜಕೀಯಗಳನ್ನು ತೋರಿಸಿಕೊಡುವ ಯಾವುದೇ ವಸ್ತು ಎಂದೂ ಸೇರಿಸಿದೆ. ಆ ಪಟ್ಟಿಯಲ್ಲಿ ಇನ್ನೊಂದು ಪದವಿದೆ: ನೀತಿ. ಆ ಪದ ಓದಿದಾಗ ನಾವು ಬೆಚ್ಚಿದೆವು. ವಸ್ತು ಒಂದು ಕಾಲದ ನೀತಿಯನ್ನು ತೋರಿಸುತ್ತದೆ ಎಂದು ಕಾನೂನೇ ಒಪ್ಪಿದೆ! ಹಾಗಾದರೆ ಆ ಕೊಳಗ ಯಾವ ನೀತಿಯನ್ನು ತೋರಿಸುತ್ತದೆ?

ಅದೇ 1976ರಲ್ಲಿ ಇನ್ನೊಂದು ಕಾಯ್ದೆಯೂ ಬಂತು. ಜೀತ ಪದ್ಧತಿ ರದ್ದತಿ ಕಾಯ್ದೆ. ಹಳೇ ವಸ್ತುಗಳನ್ನು ಕಾಪಾಡುವ ಕಾನೂನು ಜಾರಿಯಾದ ವರ್ಷವೇ ಹಳೇ ಸಾಲಕ್ಕೆ ತಲೆತಲಾಂತರ ದುಡಿಯುತ್ತಿದ್ದ ಮನುಷ್ಯರನ್ನು ಬಿಡಿಸುವ ಕಾನೂನೂ ಬಂತು. ಒಂದು ಕಾನೂನು ಹಳೆಯದನ್ನು ಉಳಿಸಿ ಅನ್ನುತ್ತದೆ. ಇನ್ನೊಂದು ಹಳೆಯದನ್ನು ಅಳಿಸಿ ಅನ್ನುತ್ತದೆ. ಎರಡೂ ಬೇಕು. ಆದರೆ ಎರಡನ್ನೂ ಒಟ್ಟಿಗೆ ಓದುವವರು ಕಡಿಮೆ. ಜೀತ ಮುಗಿಯಿತು ಎಂದು ಫೈಲು ಮುಚ್ಚಿದವರು ಒಂದು ಕಡೆ. ಜೀತದ ಕಾಲದ ಪಾತ್ರೆಗೆ ಪಾಲಿಶ್ ಹಾಕುವವರು ಇನ್ನೊಂದು ಕಡೆ. ನಡುವೆ ಮನುಷ್ಯ ಕಾಣೆಯಾಗಿದ್ದಾನೆ.

ಇನ್ನೊಂದು ಮಾತು. ಆ ಬಜಾರನ್ನು ಅರ್ಧ ದಿನ ಸುತ್ತಿದೆವು. ನಮ್ಮ ಕೇರಿಯ ವಸ್ತು ಒಂದೂ ಕಾಣಲಿಲ್ಲ. ಯಾಕೆ? ನಮ್ಮವರು ಏನೂ ಮಾಡಲಿಲ್ಲವೇ? ಚಪ್ಪಲಿ ಹೊಲಿದರು, ಮಿಣಿ ಹೆಣೆದರು, ತಮಟೆ ಬಿಗಿದರು, ಮೊರ ಚಾಪೆ ಹೆಣೆದವರಿದ್ದರು. ಅವೆಲ್ಲ ಎಲ್ಲಿ ಹೋದವು? ಉತ್ತರ ಸರಳವಾಗಿದೆ. ವಸ್ತು ಹಳೆಯದಾಗಬೇಕಾದರೆ ಅದನ್ನು ಬಳಸದೆ ಇಡಬೇಕು. ಬಳಸದೆ ಇಡಬೇಕಾದರೆ ಇನ್ನೊಂದು ಇರಬೇಕು. ಇಡುವುದಕ್ಕೆ ಅಟ್ಟ ಇರಬೇಕು. ನಮ್ಮ ಗುಡಿಸಲಿಗೆ ಅಟ್ಟ ಇರಲಿಲ್ಲ. ಸೀರೆ ಹರಿದರೆ ಕೌದಿಯಾಯಿತು, ಕೌದಿ ಹರಿದರೆ ಕೂಸಿನ ಬಟ್ಟೆಯಾಯಿತು, ಅದೂ ಹರಿದರೆ ಒಲೆ ಮುಂದಿನ ಮಸಿಬಟ್ಟೆ, ಕಡೆಗೆ ಬತ್ತಿ. ಉರಿದು ಬೂದಿಯಾಗುವವರೆಗೆ ನಮ್ಮ ವಸ್ತುವಿಗೆ ಬಿಡುವಿರಲಿಲ್ಲ, ನಮಗೂ ಇರಲಿಲ್ಲ. ಅವರಿಗೆ ಹಿತ್ತಾಳೆ ಲೋಟ, ನಮಗೆ ತೆಂಗಿನ ಕರಟ. ಹಿತ್ತಾಳೆ ಲೋಟ ಬಜಾರಿಗೆ ಬಂದಿದೆ. ಕರಟ ಕುಡಿದ ಮೇಲೆ ಒಲೆಗೆ ಹೋಯಿತು. ಆದ್ದರಿಂದ ‘ಪ್ರಾಚೀನ’ ಎನ್ನುವ ಮಾತು ಕೇಳಿದಾಗ ನಾವು ಒಂದು ಕ್ಷಣ ನಿಂತು ಯೋಚಿಸಬೇಕು. ಉಳಿದದ್ದೇ ಇತಿಹಾಸ ಅಲ್ಲ. ಅಟ್ಟ ಇದ್ದವರದು ಮಾತ್ರ ಉಳಿದಿದೆ.

ಇದನ್ನು ಅರಿತು ಕೆಲಸ ಮಾಡಿದವರೂ ಇದ್ದಾರೆ ಅನ್ನುವುದನ್ನು ಮರೆಯಬಾರದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಜಯಲಕ್ಷ್ಮಿ ವಿಲಾಸ ಎಂಬ ಅರಮನೆ ಇದೆ. 1905ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಗಾಗಿ ಕಟ್ಟಿಸಿದ್ದು. ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಶುರುವಾಗಿ, ಆ ಅರಮನೆಯಲ್ಲಿ ನೆಲೆ ನಿಂತಿತು. ನಮ್ಮ ತಾತಂದಿರನ್ನು ಗೇಟಿನಾಚೆಯೇ ನಿಲ್ಲಿಸುತ್ತಿದ್ದ ಕಾಲದ ಅರಮನೆಯೊಳಕ್ಕೆ ಒನಕೆ, ನೇಗಿಲು, ಮೊರ, ಬೊಂಬೆಗಳು ಸಾಲಾಗಿ ಹೋದವು. ನಮ್ಮ ನಾಗಮಂಗಲ ಸೀಮೆಯ ಎಚ್.ಎಲ್. ನಾಗೇಗೌಡರು ಅಧಿಕಾರಿಯಾಗಿದ್ದವರು, ಹಳ್ಳಿ ಹಳ್ಳಿ ಸುತ್ತಿ ಹಾಡು, ಪಾತ್ರೆ, ಪದ ಎಲ್ಲ ಕೂಡಿಸಿ ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿದರು. 1994ರಲ್ಲಿ ಅದು ತೆರೆಯಿತು. ಇವರು ಕೂಡಿಸದಿದ್ದರೆ ಇವತ್ತು ಎಷ್ಟೋ ವಸ್ತುವಿನ ಹೆಸರೂ ನಮಗೆ ತಿಳಿಯುತ್ತಿರಲಿಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಅದು ಯಾವುದೋ ಒಂದು ಸಂಗ್ರಹಾಲಯದ ಮೇಲಿನ ದೂರಲ್ಲ, ನೋಡುವ ನಮ್ಮೆಲ್ಲರ ಕಣ್ಣಿನ ಮೇಲಿನ ದೂರು. ವಸ್ತುವಿನ ಮುಂದೆ ಒಂದು ಚೀಟಿ: ‘ಕೊಳಗ. ಧಾನ್ಯ ಅಳೆಯುವ ಸಾಧನ.’ ಸುಳ್ಳೇನಲ್ಲ. ಆದರೆ ಯಾರು ಅಳೆದರು, ಯಾರಿಗೆ ಅಳೆದರು, ಯಾರು ಮುಟ್ಟುವಂತಿರಲಿಲ್ಲ? ಈ ಮೂರು ಪ್ರಶ್ನೆ ಆ ಚೀಟಿಯಲ್ಲಿ ಹಿಡಿಯುವುದಿಲ್ಲ. ಹಿಡಿಯದಿದ್ದರೆ ಕೊಳಗ ಕುಡಿಕೆಯ ಹಾಗೆ, ಕುಡಿಕೆ ಹೂದಾನಿಯ ಹಾಗೆ, ಎಲ್ಲವೂ ‘ನಮ್ಮ ಸುಂದರ ಗ್ರಾಮೀಣ ಸಂಸ್ಕೃತಿ’ ಆಗಿಬಿಡುತ್ತದೆ. ಆ ‘ನಮ್ಮ’ದಲ್ಲಿ ನಾವಿಲ್ಲ.

ಹಾಗಾದರೆ ಒಡೆಯಬೇಕೇ? ನಮ್ಮ ಮೇಷ್ಟ್ರ ಸಿಟ್ಟನ್ನು ನಾವು ಹಗುರ ಮಾಡುವುದಿಲ್ಲ. ಅಮೆರಿಕದ ಡೇವಿಡ್ ಪಿಲ್‌ಗ್ರಿಮ್ ಎಂಬ ಕಪ್ಪು ಜನಾಂಗದ ಸಮಾಜಶಾಸ್ತ್ರಜ್ಞ ಮಾಡಿದ್ದೂ ಮೊದಲು ಅದನ್ನೇ. ಹುಡುಗನಾಗಿದ್ದಾಗ ಅಲಬಾಮಾದಲ್ಲಿ ಹಳೇ ಸಾಮಾನು ಮಾರುವ ಕಡೆ ಕಪ್ಪು ಹೆಂಗಸನ್ನು ಅಣಕಿಸುವ ಒಂದು ಪುಟ್ಟ ಉಪ್ಪಿನ ಡಬ್ಬಿ ಕೊಂಡ. ಕೊಂಡವನೇ ನೆಲಕ್ಕೆ ಎಸೆದು ಒಡೆದ. ಆದರೆ ಒಂದು ಒಡೆದರೆ ಸಂತೆಯಲ್ಲಿ ಸಾವಿರ ಇವೆ ಎಂದು ಆತನಿಗೆ ತಿಳಿಯಿತು. ಆಮೇಲೆ ಒಡೆಯುವುದು ಬಿಟ್ಟು ಕೂಡಿಸತೊಡಗಿದ. ಸಾವಿರಾರು ವಸ್ತು ಕೂಡಿಸಿ ಮಿಶಿಗನ್‌ನ ಫೆರಿಸ್ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಕೊಟ್ಟ. ಅದು ಈಗ ಜಿಮ್ ಕ್ರೋ ಮ್ಯೂಸಿಯಂ. ಜಿಮ್ ಕ್ರೋ ಎಂದರೆ ಕಪ್ಪು ಜನರಿಗೆ ಬೇರೆ ನಲ್ಲಿ, ಬೇರೆ ಬೆಂಚು, ಬೇರೆ ಶಾಲೆ ಎಂದು ದೂರವಿಟ್ಟ ಕಾನೂನುಗಳ ಅಡ್ಡಹೆಸರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎರಡು ಲೋಟದ ಕಾನೂನು. ಅಲ್ಲಿ ಆ ವಸ್ತುಗಳನ್ನು ಇಟ್ಟಿರುವುದು ಚೆಂದಕ್ಕಲ್ಲ, ಪಾಠಕ್ಕೆ. ಅದೇ ವಸ್ತು ಒಬ್ಬ ಸಿರಿವಂತನ ಶೋಕೇಸಿನಲ್ಲಿ ಅವಮಾನ, ಇಲ್ಲಿ ಸಾಕ್ಷಿ. ವಸ್ತು ಬದಲಾಗಲಿಲ್ಲ, ಅದರ ಪಕ್ಕದಲ್ಲಿ ನಿಂತು ಮಾತಾಡುವವರು ಬದಲಾದರು.

ಇಷ್ಟೆಲ್ಲ ಯೋಚನೆ ಮಾಡಿ ದೊಡ್ಡ ತತ್ವಜ್ಞಾನಿಗಳ ಹಾಗೆ ಒಂದು ಸಂಜೆ ಅಜ್ಜಿಗೆ ಕತೆ ಹೇಳಿದೆವು. ಅಜ್ಜಿಗೆ ಎಂಬತ್ತರ ಹತ್ತಿರ. ಅಕ್ಷರ ಬರುವುದಿಲ್ಲ. ಕೊಳಗ ಮೂರೂವರೆ ಸಾವಿರ ಅಂದಾಗ ಬೊಚ್ಚುಬಾಯಿ ತುಂಬ ನಕ್ಕಿತು. ಮುದ್ರೆ ಇತ್ತು ಅಂದಾಗ ನಗು ನಿಲ್ಲಿಸಿ ಕೇಳಿತು:

“ತಳ ನೋಡುದ್ರೇನ್ಲಾ ಮಗ?”

“ತಳ ಯಾಕಜ್ಜಿ?”

“ಈಸ್ಕಳಕೊಂದು ಕೊಳಗ, ಕೊಡಕೊಂದು ಕೊಳಗ ಮಡಗಿದ್ರು ಕಣ್ ಮಗ. ಕೊಡ ಕೊಳಗದ ತಳಾವ ಒಳಿಕ್ಕೆ ಬಡ್ದಿರೋರು. ಮ್ಯಾಲಿಂದ ನೋಡುದ್ರೆ ಒಂದೇ ತರ. ಅಮಲ್ದಾರ ಬಂದ್ರೆ ಮುದ್ರೆದ ಈಚಿಗೆ ತಗೀತಿದ್ರು. ನಮಗೆ ಅಳೀವಾಗ ಆ ಇನ್ನೊಂದು. ಗೊತ್ತಿತ್ತು ನಮಗೆ. ಗೊತ್ತಿದ್ರೇನ್ ಮಾಡದು? ತಳ ನೋಡ್ಬೇಕಂದ್ರೆ ಕೊಳಗ ಮುಟ್ಬೇಕಲ್ಲ.”

ನಾವು ಸುಮ್ಮನಾದೆವು. ಮುಟ್ಟಬೇಡ ಅನ್ನುವುದಕ್ಕೆ ಮಡಿ ಮೈಲಿಗೆ ಕಾರಣ ಎಂದು ನಾವು ಪುಸ್ತಕದಲ್ಲಿ ಓದಿದ್ದೆವು. ಅಜ್ಜಿ ಇನ್ನೊಂದು ಕಾರಣ ಹೇಳಿತು. ಮುಟ್ಟಿದರೆ ತಳ ಕಾಣುತ್ತದೆ. ಅಸ್ಪೃಶ್ಯತೆ ಎಷ್ಟು ಮಟ್ಟಿಗೆ ದೇವರ ಹೆಸರಿನಲ್ಲಿ ನಡೆದ ಲೆಕ್ಕದ ಮೋಸವಾಗಿತ್ತು ಎನ್ನುವುದನ್ನು ಎಂಟು ಸೆಮಿಸ್ಟರಿನಲ್ಲೂ ಯಾರೂ ಇಷ್ಟು ಸರಳವಾಗಿ ಹೇಳಿರಲಿಲ್ಲ. ಇನ್ನೂ ನಾಚಿಕೆಯ ವಿಷಯ: ಕೈಯಲ್ಲಿ ಎತ್ತಿಕೊಂಡ ಮೊದಲಿಗರು ನಾವು ಎಂದು ಬೀಗಿದೆವಲ್ಲ, ಎತ್ತಿಕೊಂಡೂ ತಳ ನೋಡದೆ ಬಂದೆವು. ವ್ಯಾಪಾರಿ ತೋರಿಸಿದ ಮುದ್ರೆಯನ್ನೇ ನೋಡಿಕೊಂಡು ಬಂದೆವು. ಓದಿದ ನಮ್ಮ ಕಣ್ಣು ಮುದ್ರೆಯ ಮೇಲೆ, ಓದದ ಅಜ್ಜಿಯ ಕಣ್ಣು ತಳದ ಮೇಲೆ.

“ಆ ಕೊಳಗ ತಂದಿದ್ರೆ ಏನ್ ಮಾಡ್ತಿದ್ದೆ ಅಜ್ಜಿ? ಒಡೀತಿದ್ದಾ?” ಅಂತ ಕೇಳಿದೆವು.

“ಯಾಕ್ ಒಡೀನೆ? ತಳಾವ ನ್ಯಾರ ಮಾಡ್ಸಿ ರಾಗಿ ತುಂಬ್ತಿದ್ದೆ.”

ಮುಂದಿನ ತಿಂಗಳು ಮತ್ತೆ ಬಜಾರಿಗೆ ಹೋದೆವು, ಈ ಸಲ ತಳ ನೋಡುವುದಕ್ಕೇ. ಕೊಳಗ ಇರಲಿಲ್ಲ. “ಹೋಯ್ತಲ್ಲ ತಮ್ಮ, ಯಾವುದೋ ರೆಸಾರ್ಟಿಗೆ” ಅಂದರು ಸಾಹೇಬರು. ತಳ ಹೇಗಿತ್ತು ಅಂದರೆ ಅವರಿಗೆ ನೆನಪಿಲ್ಲ. ಯಾರೂ ಕೇಳುವುದಿಲ್ಲವಂತೆ. ಅವರ ಮೇಲೆ ನಮಗೆ ಸಿಟ್ಟು ಬರಲಿಲ್ಲ. ಬಿಸಿಲಲ್ಲಿ ಕೂತು, ಮಳೆ ಬಂದರೆ ಗೋಣಿ ಸುತ್ತಿಕೊಂಡು ಓಡುವ ಆ ಮನುಷ್ಯನೂ ಕೊಡೋ ಕೊಳಗದಲ್ಲೇ ಅಳೆಸಿಕೊಂಡವರು. ಮೂರೂವರೆ ಸಾವಿರದಲ್ಲಿ ಅವರಿಗೆ ಉಳಿಯುವುದು ಎಷ್ಟೋ. ಅದೇ ವಸ್ತು ಗಾಜಿನ ಬಾಗಿಲಿನ ಅಂಗಡಿ ಸೇರಿದರೆ ಬೆಲೆ ಎಷ್ಟಾಗುತ್ತದೋ. ಅಲ್ಲೂ ಒಂದು ತಳ ಇದೆ.

ಈಗ ನಮ್ಮ ಉತ್ತರ. ಹಳೆಯದಾದ ಮಾತ್ರಕ್ಕೆ ಅನ್ಯಾಯ ತೊಳೆದುಹೋಗುವುದಿಲ್ಲ. ಹಾಗೆಂದು ವಸ್ತುವೂ ಅಪರಾಧಿಯಲ್ಲ. ಅದನ್ನು ತಟ್ಟಿ ಬಿಗಿದದ್ದು ಯಾರೋ ದುಡಿಯುವ ಕೈ. ಕೊಳ್ಳುವುದು ತಪ್ಪಲ್ಲ. ಆದರೆ ಲೆಕ್ಕವನ್ನು ಬಿಟ್ಟು ಚೆಂದವನ್ನು ಮಾತ್ರ ಕೊಳ್ಳುವುದು ತಪ್ಪು. ಒಡೆಯುವುದರಿಂದ ಸಾಕ್ಷಿ ಹೋಗುತ್ತದೆ. ಶೋಕೇಸಿನಲ್ಲಿಟ್ಟು ಹೆಮ್ಮೆ ಪಡುವುದರಿಂದ, ನಾವೇ ಇಟ್ಟರೂ ಸರಿ, ಸಾಕ್ಷಿಯ ಬಾಯಿ ಮುಚ್ಚುತ್ತದೆ. ಧಣಿಯ ಕೊಳಗ ನಮ್ಮ ಹಾಲ್‌ಗೆ ಬಂದರೆ ಧಣಿಯ ಆಸೆಯೂ ಅದರೊಳಗೆ ಕೂತು ಬಂದೀತು. ಗುಮಾಸ್ತ ಗೆಳೆಯ ಈ ಮಾತನ್ನು ಇನ್ನೂ ಒಪ್ಪಿಲ್ಲ. ಒಪ್ಪದೆ ಇರಲಿ, ಜಗಳ ನಡೆಯಲಿ.

ಊರುಗಳಲ್ಲಿ ಪಾಠ ಮಾಡುತ್ತಿರುವ ಗೆಳೆಯರಿಗೆ ಒಂದು ಮಾತು. ನಿಮ್ಮೂರಲ್ಲಿ ಹಳೇ ಮನೆ ಬಿದ್ದಾಗ ಮಕ್ಕಳನ್ನು ಕರೆದುಕೊಂಡು ಹೋಗಿ. ಅಟ್ಟದಿಂದ ಇಳಿದ ಒಂದೊಂದು ವಸ್ತುವನ್ನೂ ನೋಡಲಿ. ಆಮೇಲೆ ಕೇರಿಗೆ ಕರೆದುಕೊಂಡು ಹೋಗಿ. ಅಲ್ಲಿನ ಮುದುಕರು ಮುದುಕಿಯರು ಆ ವಸ್ತುವಿನ ಬಗ್ಗೆ ಏನು ಹೇಳುತ್ತಾರೋ ಅವರ ಮಾತಿನಲ್ಲೇ ಬರೆದುಕೊಳ್ಳಲಿ. ವಸ್ತು ಲಾರಿ ಹತ್ತಿ ಹೋಗಲಿ, ಪರವಾಗಿಲ್ಲ. ಆ ಚೀಟಿ ಶಾಲೆಯಲ್ಲಿ ಉಳಿಯಲಿ. ನಮಗೆ ಅಟ್ಟ ಇರಲಿಲ್ಲ, ಈಗ ಅಕ್ಷರ ಇದೆ. ಇನ್ನು ಹತ್ತು ವರ್ಷ ಹೋದರೆ ತಳ ನೋಡಿದಿರಾ ಎಂದು ಕೇಳುವ ಅಜ್ಜಿಯರೂ ಇರುವುದಿಲ್ಲ.

ಮೊನ್ನೆ ನ್ಯಾಯಬೆಲೆ ಅಂಗಡಿಗೆ ಅಜ್ಜಿಯ ಜೊತೆ ಹೋಗಿದ್ದೆವು. ಈಗ ಕೊಳಗ ಇಲ್ಲ, ಸೇರು ಇಲ್ಲ. ಕೆಂಪಗೆ ಅಂಕಿ ಮಿಣುಕುವ ಎಲೆಕ್ಟ್ರಾನಿಕ್ ತಕ್ಕಡಿ. ಹೆಬ್ಬೆಟ್ಟು ಒತ್ತಿದರೆ ಅಕ್ಕಿ. ಅಂಕಿ ಓದಲು ಬಾರದ ಅಜ್ಜಿ ಚೀಲ ಒಡ್ಡುವ ಮುಂಚೆ ಬಗ್ಗಿ ತಕ್ಕಡಿಯ ಅಡಿಯನ್ನು ನೋಡಿತು. ಸಾಲಿನಲ್ಲಿದ್ದವರು ನಕ್ಕರು. ನಾವು ನಗಲಿಲ್ಲ. ಅಜ್ಜಿಯ ಪಕ್ಕದಲ್ಲಿ ಬಗ್ಗಿ ನಾವೂ ನೋಡಿದೆವು.